ಹಿಟ್ಟಿನ ಹುಂಜವೂ ಕಾಗದದ ಗುರಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಹಿಂಸಾಣುವ್ರತದ ಹೆಸರನ್ನು ಅರಿಯದ ಜೈನ ಮನೆಯಿಲ್ಲ. ಆದರೆ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿಯನ್ನು ಕುರಿತು ಚಿಂತಿಸುವವರು ವಿರಳ. ಯಾವ ಪ್ರಯೋಜನವೂ ಇಲ್ಲದೆ ಮನ, ವಚನ, ಕಾಯಗಳಿಂದ ಮಾಡುವ ಪಾಪಕ್ರಿಯೆಯಿಂದ ಹಿಂದೆ ಸರಿಯುವುದೇ ಈ ವ್ರತದ ತಿರುಳು. ಮನೆವಾರ್ತೆ, ವೃತ್ತಿ, ಆತ್ಮರಕ್ಷಣೆ ಇವುಗಳಿಗಾಗಿ ಗೃಹಸ್ಥನಿಂದ ಆಗುವ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿ, ಅದನ್ನು ಆದಷ್ಟು ತಗ್ಗಿಸಿಕೊಳ್ಳಬೇಕೆಂದು ಹೇಳಲಾಗಿದೆ. ಸಂಕಲ್ಪಿ ಹಿಂಸೆಯನ್ನಾದರೋ ಪೂರ್ಣವಾಗಿ ತ್ಯಜಿಸಬೇಕು. ಅಂಗಡಿಯ ಲೆಕ್ಕದಲ್ಲಿ ಬಾಡಿಗೆಗೆ ಒಂದು ಖಾತೆ, ಕೂಲಿಗೆ ಒಂದು ಖಾತೆ, ಸಾಗಾಣಿಕೆಗೆ ಒಂದು ಖಾತೆ ಇರುತ್ತದೆ. ಯಾವ ಖಾತೆಗೂ ಸೇರದೆ ಗಲ್ಲಾಪೆಟ್ಟಿಗೆಯಿಂದ ಸೋರಿಹೋಗುವ ಹಣವೊಂದು ಉಂಟಷ್ಟೆ. ಧರ್ಮದ ಲೆಕ್ಕದಲ್ಲಿ ಅದಕ್ಕೇ ಅನರ್ಥದಂಡವೆಂದು ಹೆಸರು.

ಇಂತಹ ಸೋರಿಕೆ ಹೆಚ್ಚಾಗಿ ಆಗುವುದು ದುಡಿಮೆಯ ಹೊತ್ತಿನಲ್ಲಲ್ಲ, ವಿನೋದದ ಹೊತ್ತಿನಲ್ಲಿ. ಆದುದರಿಂದ ಇತ್ತೀಚೆಗೆ ಜೈನ ಮನೆಗಳಲ್ಲಿ ಕೇಳಿಬರುತ್ತಿರುವ ಒಂದು ಪ್ರಶ್ನೆ ವಿಚಾರಾರ್ಹವಾಗಿದೆ. ರಜೆಯ ದಿನ ಗೆಳೆಯರೊಡಗೂಡಿ ಬಂದೂಕಿನಿಂದ ಕಾಗದದ ಗುರಿಗೆ ಹೊಡೆಯುವ ಆಟದಲ್ಲಿ ದೋಷವುಂಟೆ? ಈ ಪ್ರಶ್ನೆಗೆ ಎರಡು ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಬಂದೂಕು ಹಿಡಿದ ಕೈಯಿಂದ ಕಲಶ ಹಿಡಿಯುವುದು ಹೇಗೆಂದು ಹಿರಿಯರು ಕೇಳುತ್ತಾರೆ. ಕಾಗದಕ್ಕೆ ಪ್ರಾಣವಿಲ್ಲವೆಂದು ಕಿರಿಯರು ಹೇಳುತ್ತಾರೆ. ಎರಡೂ ಅವಸರದ ಉತ್ತರಗಳೇ.

ಹಿರಿಯರ ಮಾತನ್ನು ಮೊದಲು ನೋಡಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದನು. ಶಸ್ತ್ರ ಹಿಡಿದ ಕೈಯೇ ಆ ಮಹಾಬಿಂಬವನ್ನು ಮಾಡಿಸಿತು. ಆ ಬಿಂಬದಲ್ಲಿ ನಿಂತ ಬಾಹುಬಲಿಯ ಕಥೆಯಾದರೂ ಏನು? ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ, ಸೈನಿಕರ ರಕ್ತ ಹರಿಯದಿರಲೆಂದು ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಮ್ಮ ಬಲವನ್ನು ತೂಗಿ ನೋಡಿದರು. ಕೊಲೆಯಿಲ್ಲದ ಸ್ಪರ್ಧೆಗೆ ಜೈನ ಪುರಾಣದಲ್ಲಿಯೇ ಗೌರವದ ಸ್ಥಾನವಿದೆ. ಆದುದರಿಂದ ಆಯುಧವನ್ನು ಮುಟ್ಟಿದ ಮಾತ್ರಕ್ಕೆ ಕೈ ಮೈಲಿಗೆಯಾಯಿತೆಂದು ತೀರ್ಪು ಕೊಡುವುದು ಸಲ್ಲದು.

ಗುರಿ ಹೊಡೆಯುವ ಕ್ರೀಡೆಯ ಚರಿತ್ರೆಯೂ ಒಂದು ಪಾಠವನ್ನು ಹೇಳುತ್ತದೆ. 1900ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ ಕ್ರೀಡೆಗಳ ಸಂದರ್ಭದಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ನಡೆಯಿತು. 1908ರಲ್ಲಿ ಲಂಡನ್ನಿನಲ್ಲಿ ಓಡುವ ಜಿಂಕೆಯ ಆಕೃತಿಯನ್ನು ಗುರಿಯಾಗಿಟ್ಟರು. 25 ಮೀಟರ್ ದೂರದ ಕ್ಷಿಪ್ರ ಪಿಸ್ತೂಲು ಸ್ಪರ್ಧೆಯಲ್ಲಿ ಬಹುಕಾಲ ಮನುಷ್ಯಾಕೃತಿಯ ಹಲಗೆಗಳಿದ್ದವು. ಇಂದು ಒಲಿಂಪಿಕ್ ಸ್ಪರ್ಧೆಗಳಲ್ಲಿ ಹಕ್ಕಿಯ ಬದಲು ಹಾರುವ ಬಿಲ್ಲೆಯಿದೆ. ಜಿಂಕೆಯೂ ಮನುಷ್ಯನೂ ಇದ್ದೆಡೆ ಬರಿಯ ವೃತ್ತಗಳಿವೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಅವರು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನವನ್ನು ತಂದದ್ದು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಅವರು ಎರಡು ಕಂಚಿನ ಪದಕಗಳನ್ನು ಪಡೆದದ್ದು ಇಂತಹ ವೃತ್ತಗಳಿಗೆ ಗುರಿಯಿಟ್ಟೇ. ಕೊಲ್ಲುವ ಆಟವಾಗಿ ಆರಂಭವಾದದ್ದು ಪ್ರಾಣವನ್ನೂ ಪ್ರಾಣಿಯ ರೂಪವನ್ನೂ ಬಿಡುತ್ತ ಬಂದಿದೆ. ಈ ಎರಡನೆಯ ತ್ಯಾಗ ಏಕೆ ಮುಖ್ಯವೆಂಬುದನ್ನು ಒಂದು ಭಾನುವಾರದ ವೃತ್ತಾಂತದಿಂದ ತಿಳಿಯಬಹುದು.

ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿರುವ ಐವರು ಗೆಳೆಯರು ಶ್ರಾವಣ ಮಾಸದಲ್ಲಿ ತುಮಕೂರಿನ ಕಡೆಯ ಒಂದು ತೆಂಗಿನ ತೋಟಕ್ಕೆ ಹೋದರು. ಅವರಲ್ಲೊಬ್ಬನು ಜೈನ ತರುಣ. ನಿತ್ಯ ದೇವದರ್ಶನ ಮಾಡುವವನು, ಸೂರ್ಯಾಸ್ತದ ಬಳಿಕ ಉಣ್ಣದವನು. ತೋಟದ ಒಡೆಯನಾದ ಗೆಳೆಯನು ಕಾಲೇಜಿನ ದಿನಗಳಲ್ಲಿ ಗಾಳಿ ಬಂದೂಕಿನ ಸ್ಪರ್ಧೆಗಳಲ್ಲಿ ಭಾಗವಹಿಸಿದವನಾದ್ದರಿಂದ ಶಿಸ್ತನ್ನು ಬಲ್ಲವನಾಗಿದ್ದನು. ಹತ್ತು ಮೀಟರ್ ಅಳೆದು ಗೆರೆ ಎಳೆದನು. ಗುರಿಯ ಹಿಂದೆ ಮಣ್ಣಿನ ದಿಬ್ಬವಿರುವಂತೆ ನೋಡಿಕೊಂಡನು. ಬಂದೂಕಿನ ಬಾಯಿ ಸದಾ ಗುರಿಯ ಕಡೆಗೇ ಇರಬೇಕು. ಹೊಡೆಯಲು ಸಿದ್ಧನಾಗುವವರೆಗೆ ಟ್ರಿಗರ್ ಮೇಲೆ ಬೆರಳಿಡಬಾರದು. ಬಂದೂಕನ್ನು ಕೆಳಗಿಟ್ಟಲ್ಲದೆ ಯಾರೂ ಗೆರೆ ದಾಟಬಾರದು. ಈ ಮೂರು ನಿಯಮಗಳನ್ನು ಎಲ್ಲರಿಂದಲೂ ಬಾಯಿಬಿಟ್ಟು ಹೇಳಿಸಿದನು.

ಬೆಳಗಿನ ಆಟ ಮೌನದಲ್ಲಿಯೇ ನಡೆಯಿತು. ಸೀಸದ ಗುಂಡಿನ ಗಾತ್ರ 4.5 ಮಿಲಿಮೀಟರ್. ಸ್ಪರ್ಧೆಯ ಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. ಉಸಿರನ್ನು ಅರ್ಧ ಬಿಟ್ಟು ತಡೆಯಬೇಕು, ಭುಜ ಸಡಿಲವಿರಬೇಕು, ಬೆರಳು ಮಾತ್ರ ಮೆಲ್ಲಮೆಲ್ಲನೆ ಹಿಂದಕ್ಕೆ ಬರಬೇಕು. ಹೊಡೆಯಬೇಕೆಂಬ ಆತುರ ಬಂದೊಡನೆ ಗುಂಡು ಬೇರೆಡೆಗೆ ಹೋಗುತ್ತಿತ್ತು. ಜೈನ ತರುಣನಿಗೆ ಇದು ಹಿಡಿಸಿತು. ಮುಂಜಾನೆಯ ಸಾಮಾಯಿಕದಲ್ಲಿ ಸಿಗದ ಸ್ಥಿರತೆ ಇಲ್ಲಿ ಸಿಕ್ಕಿತೆಂದು ಅವನಿಗೆ ತೋರಿತು. ಒಬ್ಬರ ಮೇಲೂ ದ್ವೇಷವಿರಲಿಲ್ಲ; ಎದುರಿಗಿದ್ದದ್ದು ಕಪ್ಪು ಚುಕ್ಕೆಯೊಂದೇ.

ಮಧ್ಯಾಹ್ನದ ಊಟದ ಬಳಿಕ ಅಚ್ಚಿನ ಹಾಳೆಗಳು ಮುಗಿದವು. ಗೆಳೆಯರಲ್ಲೊಬ್ಬನು ಬಿಳಿ ಹಾಳೆಯ ಮೇಲೆ ಒಂದು ಮುಖವನ್ನು ಬರೆದನು. ಕನ್ನಡಕ, ದಪ್ಪ ಮೀಸೆ, ಕೆಳಗೆ ಹೆಸರು. ಅದು ಅವರ ಮ್ಯಾನೇಜರರ ಹೆಸರು. ಭಾದ್ರಪದದ ಅನಂತ ಚತುರ್ದಶಿಗೆ ಈ ತರುಣನು ಕೇಳಿದ್ದ ರಜೆಯನ್ನು ನಿರಾಕರಿಸಿದವರೂ ಅವರೇ. ನಗೆಯ ನಡುವೆ ಒಬ್ಬೊಬ್ಬರಾಗಿ ಹೊಡೆದರು. ತರುಣನ ಸರದಿ ಬಂದಾಗ ಅವನ ಗುಂಡು ಎರಡು ಹುಬ್ಬುಗಳ ನಡುವೆ ತೂತು ಮಾಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಗಿನಿಂದ ಹತ್ತು ಅಂಕ ಬಂದಾಗ ಆಗದಿದ್ದ ಒಂದು ಬಗೆಯ ಸಂತೋಷ ಅವನಿಗಾಯಿತು.

ಸೋಮವಾರ ಕಚೇರಿಯ ಸಭೆಯಲ್ಲಿ ಮ್ಯಾನೇಜರರು ಎದುರಿಗೆ ಕುಳಿತು ಮಾತನಾಡುತ್ತಿದ್ದರು. ತರುಣನ ಕಣ್ಣು ತಾನಾಗಿಯೇ ಅವರ ಹುಬ್ಬುಗಳ ನಡುವಿಗೆ ಹೋಯಿತು. ಕಣ್ಣನ್ನು ಕದಲಿಸಿದನು, ಮತ್ತೆ ಅಲ್ಲಿಗೇ ಹೋಯಿತು. ಮಂಗಳವಾರವೂ ಹಾಗೆಯೇ ಆಯಿತು. ಅಂದು ಸಂಜೆ ಅವನು ಮನೆಯ ಹಿರಿಯರಾದ ಅಜ್ಜನ ಬಳಿ ಕುಳಿತು ನಡೆದುದನ್ನೆಲ್ಲ ಹೇಳಿದನು.

"ಬರಿಯ ಚುಕ್ಕೆಗೆ ಹೊಡೆದ ಮೇಲೆ ಹೀಗೆ ಎಲ್ಲಿಯಾದರೂ ಚುಕ್ಕೆ ಕಾಣಿಸಿತೇನಪ್ಪ?" ಎಂದು ಅಜ್ಜ ಕೇಳಿದರು.

"ಇಲ್ಲ ಅಜ್ಜ. ಆದರೆ ಅದೂ ಕಾಗದ, ಇದೂ ಕಾಗದ. ಅವರಿಗೆ ಏನೂ ಆಗಿಲ್ಲವಲ್ಲ."

"ಅವರಿಗೆ ಆಗಿಲ್ಲ. ನಿನಗೆ ಆಗಿದೆ. ಅದಕ್ಕೇ ತಾನೆ ನೀನು ಇಲ್ಲಿ ಬಂದು ಕೂತಿರುವುದು?"

ಅಜ್ಜನ ಈ ಮಾತಿನಲ್ಲಿ ಶಾಸ್ತ್ರದ ಸಾರವಿದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಆಚಾರ್ಯರು ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹಾನಿಗೆ ಪ್ರಮಾದದ ಯೋಗವನ್ನು ಮುಂದಿಟ್ಟಿದ್ದಾರೆ. ಪರರ ಪ್ರಾಣಕ್ಕೆ ಹಾನಿಯಾಗುವುದಕ್ಕೆ ಮೊದಲೇ, ಕಷಾಯಕ್ಕೆ ವಶನಾದ ಜೀವನು ತನ್ನನ್ನು ತಾನೇ ಗಾಯಗೊಳಿಸಿಕೊಂಡಿರುತ್ತಾನೆ. ತರುಣನು ಎತ್ತಿದ ಆಕ್ಷೇಪಕ್ಕೂ ಜೈನ ಶಾಸ್ತ್ರದಲ್ಲಿ ಉತ್ತರವಿದೆ. ಒಂದು ವಸ್ತುವನ್ನು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಿಂದ ತಿಳಿಯಬೇಕೆಂದು ಹೇಳಿದೆ. ಶಿಲೆಯಲ್ಲಿ ಜಿನೇಂದ್ರನನ್ನು ಭಾವಿಸಿ ವಂದಿಸುವುದು ಸ್ಥಾಪನೆಯ ಬಲದಿಂದ. ಶಿಲೆಯಲ್ಲಿ ನಿಂತ ರೂಪವು ನೋಡುವವನ ಪರಿಣಾಮವನ್ನು ಶುದ್ಧಿಯ ಕಡೆಗೆ ತಿರುಗಿಸಬಲ್ಲುದಾದರೆ, ಕಾಗದದಲ್ಲಿ ಬರೆದ ರೂಪವು ಅದನ್ನು ಕ್ರೌರ್ಯದ ಕಡೆಗೆ ತಿರುಗಿಸಲಾರದೆ? ಬಸದಿಯಲ್ಲಿ ಬಿಂಬಕ್ಕೆ ಕೈಮುಗಿದವನು ತೋಟದಲ್ಲಿ ಚಿತ್ರವು ಬರಿಯ ಕಾಗದವೆಂದು ಹೇಳುವಂತಿಲ್ಲ. ಆ ಹಾಳೆಯಲ್ಲಿ ನಾಮವೂ ಇತ್ತು, ಸ್ಥಾಪನೆಯೂ ಇತ್ತು. ನಗೆಯ ಮರೆಯಲ್ಲಿ ಭಾವವೂ ಬಂದು ಸೇರಿತು.

ಕನ್ನಡ ಜೈನರಿಗೆ ಇದು ಹೊಸ ಸಂಗತಿಯಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಹೃದಯವೇ ಇದು. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಹಿಟ್ಟಿಗೆ ಪ್ರಾಣವಿರಲಿಲ್ಲ. ಆದರೆ ಅದಕ್ಕೆ ಹುಂಜದ ರೂಪವಿತ್ತು, ಕತ್ತಿಗೆ ಕೊಲ್ಲುವ ಸಂಕಲ್ಪವಿತ್ತು. ಅಷ್ಟರಿಂದಲೇ ತಾಯಿಯೂ ಮಗನೂ ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರಗಳನ್ನು ತೊಳಲಿದರು. ಹಿಟ್ಟನ್ನು ರೊಟ್ಟಿಯಾಗಿ ತಟ್ಟಿದ್ದರೆ ದೋಷವಿರಲಿಲ್ಲ. ಹುಂಜವೆಂದು ಭಾವಿಸಿ ಕಡಿದುದು ದೋಷವಾಯಿತು. ವೃತ್ತಕ್ಕೆ ಹೊಡೆಯುವುದಕ್ಕೂ ಮುಖಕ್ಕೆ ಹೊಡೆಯುವುದಕ್ಕೂ ಇರುವ ಅಂತರ ಇದೇ.

ಗುರಿ ಹೊಡೆಯುವುದೇ ಒಂದು ಧ್ಯಾನವೆಂದು ಕೆಲವರು ಹೇಳುವುದುಂಟು. ಏಕಾಗ್ರತೆ ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆರೆಯ ದಡದ ಬಕಪಕ್ಷಿಗೂ ಏಕಾಗ್ರತೆಯಿದೆ. ಆದುದರಿಂದಲೇ ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ಧ್ಯಾನವನ್ನು ನಾಲ್ಕಾಗಿ ವಿಂಗಡಿಸಿ, ಹಿಂಸೆಯಲ್ಲಿ ಆನಂದಪಡುವುದನ್ನು ರೌದ್ರಧ್ಯಾನದಲ್ಲಿ ಸೇರಿಸಿದ್ದಾರೆ. ಆ ಭಾನುವಾರ ಮುಂಜಾನೆಯೂ ಮಧ್ಯಾಹ್ನವೂ ಬಂದೂಕು ಒಂದೇ, ಉಸಿರು ಒಂದೇ, ಏಕಾಗ್ರತೆ ಒಂದೇ. ಬದಲಾದದ್ದು ಅದರ ವಿಷಯ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ಹೇಳಿದ್ದಾರೆ. ಪರರಿಗೆ ಕೇಡು ಬಯಸುವ ಅಪಧ್ಯಾನವು ಮೇಲಿನ ವೃತ್ತಾಂತದಲ್ಲಿ ಸ್ಪಷ್ಟವಾಗಿದೆ. ಪ್ರಮಾದಚರ್ಯೆಯಾದರೂ ಸೂಕ್ಷ್ಮವಾದುದು. ಮನುಷ್ಯರ ಸುರಕ್ಷತೆಗೆ ಅಷ್ಟು ಎಚ್ಚರ ವಹಿಸಿದ ಆ ಗೆಳೆಯನು ಗುರಿಯ ಹಿಂದಿನ ದಿಬ್ಬದಲ್ಲಿ ಗೆದ್ದಲಿನ ಹುತ್ತವಿದ್ದುದನ್ನು ಗಮನಿಸಿರಲಿಲ್ಲ. ಗುರಿ ತಪ್ಪಿದ ಗುಂಡುಗಳೆಲ್ಲ ಅಲ್ಲಿಗೇ ಹೋದವು. ಇನ್ನು ಸೀಸವು ವಿಷ. ಹಕ್ಕಿಗಳು ಆಹಾರ ಅರೆಯಲೆಂದು ಸಣ್ಣ ಕಲ್ಲುಗಳನ್ನು ನುಂಗುವಾಗ ನೆಲದಲ್ಲಿ ಬಿದ್ದ ಸೀಸದ ಗುಂಡುಗಳನ್ನೂ ನುಂಗಿ ಸಾಯುತ್ತವೆ. ಈ ಕಾರಣದಿಂದಲೇ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೂ, ಯುರೋಪಿನ ಒಕ್ಕೂಟದಲ್ಲಿ 2023ರಿಂದ ಜೌಗು ಪ್ರದೇಶಗಳಲ್ಲಿಯೂ ಸೀಸದ ಗುಂಡಿನ ಬಳಕೆಯನ್ನು ನಿಷೇಧಿಸಲಾಗಿದೆ. ಬೇಟೆಯನ್ನು ಬಿಡದ ದೇಶಗಳೇ ಇಷ್ಟು ವಿವೇಚಿಸಿರುವಾಗ, ನೀರನ್ನು ಸೋಸಿ ಕುಡಿಯುವ ಕುಲದವರು ತಾವು ಹೊಡೆದ ಗುಂಡು ಎಲ್ಲಿ ಬಿತ್ತೆಂದು ನೋಡದಿರುವುದು ತಕ್ಕುದಲ್ಲ.

ಹಿಂಸಾದಾನದ ಮಾತು ಬಸದಿಗಳ ಆಡಳಿತ ಮಂಡಳಿಗಳಿಗೆ ಸಂಬಂಧಿಸಿದುದು. ಹಿಂಸೆಯ ಉಪಕರಣವನ್ನು ಪರರಿಗೆ ಒದಗಿಸುವುದೇ ಹಿಂಸಾದಾನ. ಯುವಕರ ಶಿಬಿರಗಳಲ್ಲಿ ಆಕರ್ಷಣೆಗಾಗಿ ಗಾಳಿ ಬಂದೂಕಿನ ಆಟವನ್ನು ಇಡಬೇಕೆಂಬ ಸಲಹೆ ಬಂದರೆ, ಅದನ್ನು ಬಸದಿಯ ಆವರಣದಲ್ಲಿ ಧರ್ಮದ ಹಣದಿಂದ ನಡೆಸುವುದು ಉಚಿತವಲ್ಲ. ಆದರೆ ಕ್ರೀಡೆಯನ್ನೇ ಗಂಭೀರವಾಗಿ ಸ್ವೀಕರಿಸಿ, ಶಿಕ್ಷಕರಿರುವ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡಬಯಸುವ ಮಕ್ಕಳನ್ನು ಹಿಂಸಕರೆಂದು ಜರಿಯುವುದೂ ಉಚಿತವಲ್ಲ. ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರಿದ ಜೈನನು ಮನುಷ್ಯಾಕೃತಿಯ ಹಲಗೆಗೆ ಹೊಡೆದು ಕಲಿಯಬೇಕಾಗಬಹುದು. ಅದಕ್ಕೆ ರಕ್ಷಣೆಯೆಂಬ ಪ್ರಯೋಜನವಿದೆ. ಅದು ವಿರೋಧಿ ಹಿಂಸೆಯ ವಿಚಾರದಲ್ಲಿ ಬರುತ್ತದೆ. ವಿನೋದಕ್ಕೆ ಆ ಸಮರ್ಥನೆಯಿಲ್ಲ.

ಅಜ್ಜ ಮೊಮ್ಮಗನಿಗೆ ಬಂದೂಕನ್ನು ಮುಟ್ಟಬೇಡವೆಂದು ಹೇಳಲಿಲ್ಲ. "ರಜೆ ಕೊಡದ ಆ ಮನುಷ್ಯನನ್ನು ಮೊದಲು ಕ್ಷಮಿಸು. ಆಮೇಲೆ ಅವರಲ್ಲಿ ಕ್ಷಮೆ ಕೇಳು. ಕ್ಷಮಿಸದೆ ಕೇಳಿದರೆ ಅದು ಬಾಯಿಮಾತಾಗುತ್ತದೆ" ಎಂದರು. ಕ್ಷಮಾವಣಿಯ ದಿನ ತರುಣನು ಮ್ಯಾನೇಜರರ ಎದುರು ನಿಂತು ಕೈಮುಗಿದು ಕ್ಷಮೆ ಯಾಚಿಸಿದನು. ಅವರು ಏನೂ ಅರ್ಥವಾಗದೆ ನಕ್ಕುಬಿಟ್ಟರು. ಅನಂತ ಚತುರ್ದಶಿಯ ರಜೆಯೂ ದೊರೆತಿರಲಿಲ್ಲ. ಅಂದು ಉಪವಾಸದಲ್ಲಿಯೇ ಅವನು ಕೆಲಸಕ್ಕೆ ಹೋಗಿ ಬಂದಿದ್ದನು. ಆದರೆ ಅವರ ಮುಖವನ್ನು ಮುಖವಾಗಿಯೇ ನೋಡುವುದು ಅವನಿಗೆ ಕ್ರಮೇಣ ಸಾಧ್ಯವಾಯಿತು.

ಹಾಗಾದರೆ ಜೈನ ತಂದೆತಾಯಿಗಳು ಮಕ್ಕಳಿಗೆ ಏನು ಹೇಳಬೇಕು? ಮೂರು ಪ್ರಶ್ನೆಗಳನ್ನು ಕಲಿಸಿದರೆ ಸಾಕು. ಹಾಳೆಯ ಮೇಲೆ ಏನಿದೆ? ಮನಸ್ಸಿನಲ್ಲಿ ಯಾರಿದ್ದಾರೆ? ಗುಂಡು ಎಲ್ಲಿ ಬೀಳುತ್ತದೆ? ಹಾಳೆಯಲ್ಲಿ ವೃತ್ತವಲ್ಲದೆ ಬೇರೆ ರೂಪವಿಲ್ಲದಿದ್ದರೆ, ಮನಸ್ಸಿನಲ್ಲಿ ಯಾರೂ ಇಲ್ಲದಿದ್ದರೆ, ಗುಂಡು ಯಾವ ಜೀವಿಗೂ ತಾಗದಂತೆ ಪೆಟ್ಟಿಗೆಯೊಳಗೆ ಬಿದ್ದು ಎಣಿಕೆಗೆ ಸಿಗುವಂತಿದ್ದರೆ, ಆ ಆಟವನ್ನು ಮಿತದಲ್ಲಿ ಆಡಬಹುದು. ಮೂರರಲ್ಲಿ ಒಂದಕ್ಕೆ ಸರಿಯಾದ ಉತ್ತರ ಬರದಿದ್ದರೂ ಬಂದೂಕನ್ನು ಕೆಳಗಿಡಬೇಕು. ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಮನುಷ್ಯಾಕೃತಿಗಳಿಗೆ ಗುಂಡಿಕ್ಕುವ ಆಟಗಳಿಗೆ ಮೊದಲ ಎರಡು ಪ್ರಶ್ನೆಗಳು ಹಾಗೆಯೇ ಅನ್ವಯಿಸುತ್ತವೆ. ಅಲ್ಲಿ ಸೀಸ ಬೀಳುವುದಿಲ್ಲವೆಂಬುದೊಂದೇ ವ್ಯತ್ಯಾಸ. ಹಿಟ್ಟಿನ ಹುಂಜ ಅಲ್ಲಿಯೂ ಇದೆ.