ನಾಲ್ಕನೆಯ ವರ್ಷದ ಬೆಲೆ

2025ರ ಆಗಸ್ಟ್ ತಿಂಗಳಲ್ಲಿ ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಹೊಸದೊಂದು ತರಗತಿ ಶುರುವಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2022ರಲ್ಲಿ ಪದವಿಗೆ ಸೇರಿದವರ ಪೈಕಿ, ಮೂರು ವರ್ಷ ಮುಗಿದ ಮೇಲೂ ಹೊರಡದೆ ಉಳಿದುಕೊಂಡವರ ತರಗತಿ ಅದು. ಮೂರು ವರ್ಷಕ್ಕೆ 132 ಕ್ರೆಡಿಟ್ ಪಡೆದು ಆನರ್ಸ್ ಪದವಿಯೊಂದಿಗೆ ಹೊರಡಬಹುದು. ಉಳಿದರೆ ನಾಲ್ಕನೆಯ ವರ್ಷದಲ್ಲಿ ಪ್ರಬಂಧವನ್ನೋ ಪ್ರಾಜೆಕ್ಟನ್ನೋ ಸ್ವಂತ ಉದ್ಯಮದ ಯೋಜನೆಯನ್ನೋ ಕೈಗೆತ್ತಿಕೊಂಡು, ಒಟ್ಟು 176 ಕ್ರೆಡಿಟ್ ಮುಗಿಸಿ ಹೊರಡಬೇಕು.

ಇತಿಹಾಸ, ಸಾಹಿತ್ಯ ಓದುವವರಿಗೆ ಇದು ಬಹುಮಟ್ಟಿಗೆ ಆಸಕ್ತಿಯ ಪ್ರಶ್ನೆ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಹಾಗಲ್ಲ, ಕೆಲಸದ ಊರು ಕಣ್ಣೆದುರಿಗೇ ಇದೆ. ಮೆಟ್ರೋದ ಹಳದಿ ಮಾರ್ಗದಲ್ಲಿ ವಿಶ್ವವಿದ್ಯಾಲಯ ನಿಲ್ದಾಣದಲ್ಲಿ ಹತ್ತಿ ಕೂತರೆ ಎಲ್ಲೂ ಗಾಡಿ ಬದಲಿಸದೆ ಗುರುಗ್ರಾಮಕ್ಕೆ ಹೋಗಿ ಇಳಿಯಬಹುದು. ದಾರಿಯಲ್ಲಿ ಹೌಜ್ ಖಾಸ್ ಬರುತ್ತದೆ, ಐಐಟಿ ಇರುವುದು ಅದರ ಪಕ್ಕದಲ್ಲೇ. ಕಲಿಕೆ, ಮೇಲಿನ ಕಲಿಕೆ, ನೌಕರಿ ಮೂರೂ ಒಂದೇ ಹಳಿಯ ಮೇಲಿವೆ. ಎಲ್ಲಿ ಇಳಿಯಬೇಕು ಎಂಬುದನ್ನು ಇಪ್ಪತ್ತೊಂದರ ಹರೆಯದಲ್ಲಿ ನಿರ್ಧರಿಸಬೇಕು.

ಈ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ದೇಶದಲ್ಲೇ ಮೊದಲಿಗೆ ತಂದ ರಾಜ್ಯಗಳಲ್ಲಿ ಕರ್ನಾಟಕ ಒಂದು. ಮೂರು ವರ್ಷ ಕಳೆಯುವುದರೊಳಗೆ ಸರ್ಕಾರ ಬದಲಾಯಿತು, ನೀತಿಯೂ ಬದಲಾಯಿತು, 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಆ ಹೆಚ್ಚುವರಿ ವರ್ಷದಲ್ಲಿ ಏನು ನಡೆಯಬೇಕಿತ್ತು ಎಂಬ ಚರ್ಚೆ ಅಲ್ಲಿಗೇ ನಿಂತಿತು. ದೆಹಲಿಯಲ್ಲಿ ಅದು ಈಗ ಮುಂದುವರಿದಿದೆ, ಮನೆಮನೆಯ ಊಟದ ಹೊತ್ತಿನಲ್ಲಿ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆರ್.ಕೆ.ಪುರಂನ ಸರ್ಕಾರಿ ವಸತಿಯಲ್ಲಿರುವ ಕನ್ನಡ ಕುಟುಂಬ. ಅಪ್ಪನ ನಿವೃತ್ತಿಗೆ ಎರಡು ವರ್ಷ ಉಳಿದಿದೆ, ಆಮೇಲೆ ಮನೆ ಬಿಡಬೇಕು. ಮಗಳು ಮೂರನೆಯ ವರ್ಷದ ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್. "ಇನ್ನೊಂದು ವರ್ಷ ಓದಿದರೆ ಜಾಸ್ತಿ ಏನು ಸಿಗುತ್ತಮ್ಮ?" ಎಂದು ಅಪ್ಪ ಕೇಳುತ್ತಾರೆ. ಅದು ಅಸಡ್ಡೆಯ ಮಾತಲ್ಲ. ಲೆಕ್ಕ ಬಲ್ಲವರ ಮಾತು, ಉತ್ತರ ಬಯಸುವ ಮಾತು.

ಲೆಕ್ಕ ಹೀಗಿದೆ. ಮೂರು ವರ್ಷಕ್ಕೆ ಹೊರಬಂದು ಎಂಸಿಎ ಸೇರಿದರೆ ಎರಡು ವರ್ಷ. ಎಂಸಿಎ ಮೊದಲು ಮೂರು ವರ್ಷದ್ದಿತ್ತು, 2020–21ರಿಂದ ಎರಡಾಯಿತು. ಒಟ್ಟು ಐದು. ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಸ್ನಾತಕೋತ್ತರ ಪದವಿ ಒಂದೇ ವರ್ಷ. ಒಟ್ಟು ಅದೇ ಐದು. ಆದರೆ ಎಂಸಿಎ ಎಂಬ ಹೆಸರು ಕಂಪನಿಗಳಿಗೆ ದಶಕಗಳಿಂದ ಪರಿಚಿತ. ಒಂದು ವರ್ಷದ ಸ್ನಾತಕೋತ್ತರವನ್ನು ಮಾರುಕಟ್ಟೆ ಇನ್ನೂ ಕೈಯಲ್ಲಿ ಹಿಡಿದು ನೋಡಬೇಕಷ್ಟೆ. ಇನ್ನೊಂದು ಕಡೆ, ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಮೂರು ವರ್ಷದ ಪದವಿಯನ್ನು ಒಪ್ಪಲು ಹಿಂದೆಮುಂದೆ ನೋಡುವ ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಬಾಗಿಲೂ ಸ್ವಲ್ಪ ಸಲೀಸಾಗಿ ತೆರೆಯುತ್ತದೆ. ನಾಲ್ಕನೆಯ ವರ್ಷ ಇಂಥ ಬಾಗಿಲು ತೆರೆಯುತ್ತದೆ ನಿಜ. ಒಳಗೆ ಹೋಗುವ ತಾಕತ್ತನ್ನು ಕೊಡುತ್ತದೆಯೇ ಎಂಬುದು ಬೇರೆ ಮಾತು.

ಆ ತಾಕತ್ತು ಯಾವುದು? ನೌಕರಿಯ ಆಯ್ಕೆ ಸಾಮಾನ್ಯವಾಗಿ ಆನ್‌ಲೈನ್ ಪರೀಕ್ಷೆಯಿಂದ ಶುರು: ಗಂಟೆ ಒಂದೂವರೆ ಗಂಟೆಯಲ್ಲಿ ಎರಡು ಮೂರು ಕೋಡಿಂಗ್ ಲೆಕ್ಕ. ಅದು ದಾಟಿದರೆ ಸಂದರ್ಶನ. ಅಲ್ಲಿ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಕೇಳುತ್ತಾರೆ, ಆಮೇಲೆ "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಎನ್ನುತ್ತಾರೆ. ಎಂ.ಟೆಕ್. ಕಡೆ ಒಯ್ಯುವ ಗೇಟ್ ಪರೀಕ್ಷೆಯಲ್ಲಿ ಮೂರು ಗಂಟೆ, 65 ಪ್ರಶ್ನೆ, 100 ಅಂಕ. 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, ಉಳಿದದ್ದು ಗಣಿತಕ್ಕೆ ಮತ್ತು ವಿಷಯಕ್ಕೆ. ಆ ವಿಷಯದ ಪಟ್ಟಿಯಲ್ಲಿ ಸಂದರ್ಶನದ ವಿಷಯಗಳೆಲ್ಲ ಇವೆ, ಜೊತೆಗೆ ಕಂಪೈಲರ್, ಆಟೊಮೇಟಾ ಸಿದ್ಧಾಂತದಂಥವೂ ಇವೆ. ಅಂದರೆ ಎರಡು ತಯಾರಿಗೂ ಅಡಿಪಾಯ ಒಂದೇ. ಬೇರೆಯಾಗುವುದು ವೇಗ ಮತ್ತು ಕ್ಯಾಲೆಂಡರ್. ಎಷ್ಟೋ ಕಾಲೇಜುಗಳಿಗೆ ಕಂಪನಿಗಳು ಕೊನೆಯ ವರ್ಷದ ಆರಂಭದಲ್ಲೇ ಬರುತ್ತವೆ. ವಿದೇಶದ ಅರ್ಜಿಗಳಲ್ಲಿ ಬಹಳಷ್ಟು ಡಿಸೆಂಬರಿನಲ್ಲಿ ಮುಗಿಯುತ್ತವೆ. ಗೇಟ್ ನಡೆಯುವುದು ಫೆಬ್ರುವರಿಯಲ್ಲಿ. ಎಲ್ಲಕ್ಕೂ ಒಟ್ಟಿಗೆ ತಯಾರಾಗಲು ಹೊರಟವರು ಅಕ್ಟೋಬರ್ ಹೊತ್ತಿಗೆ ಯಾವುದಕ್ಕೂ ಪೂರ್ತಿ ತಯಾರಾಗದೆ ದಣಿದಿರುತ್ತಾರೆ.

ದೆಹಲಿಯಲ್ಲಿ ಈ ತಯಾರಿ ಯಾವಾಗಲೂ ಕಾಲೇಜಿನ ಹೊರಗೇ ನಡೆದಿದೆ. ಹೆಚ್ಚಿನ ಕಾಲೇಜುಗಳಿಗೆ ಕಂಪ್ಯೂಟರ್ ಬರುವ ಮೊದಲೇ, 1981ರಲ್ಲಿ ಎನ್‌ಐಐಟಿ ಹುಟ್ಟಿತು. ಪದವಿ ಬೆಳಿಗ್ಗೆ, ಕಂಪ್ಯೂಟರ್ ಸಂಜೆ ಎಂಬ ರೂಢಿ ಆ ಕಾಲದ್ದು. ಐಐಟಿಯ ಸುತ್ತಲಿನ ಬೇರ್ ಸರಾಯ್, ಜಿಯಾ ಸರಾಯ್, ಕಾಲೂ ಸರಾಯ್ ಗಲ್ಲಿಗಳಲ್ಲಿ ಕೋಚಿಂಗ್ ತರಗತಿಗಳು ಬೆಳೆದವು. ಅಲ್ಲಿನ ಜೆರಾಕ್ಸ್ ಅಂಗಡಿಗಳಲ್ಲಿ ಯಾರೋ ಬರೆದ ನೋಟ್ಸ್ ಸ್ಪೈರಲ್ ಬೈಂಡಾಗಿ ಊರೂರು ಸೇರಿತು. 2009ರಲ್ಲಿ ಶುರುವಾದ ನೋಯ್ಡಾದ ಗೀಕ್ಸ್‌ಫಾರ್‌ಗೀಕ್ಸ್ ಜಾಲತಾಣ ಆ ಗಲ್ಲಿಯನ್ನೇ ಪರದೆಯ ಮೇಲೆ ತಂದಿತು. ಹಳ್ಳಿಯ ಹುಡುಗನಿಗೂ ಸಂದರ್ಶನದ ಪ್ರಶ್ನೆ ಬಿಟ್ಟಿಯಾಗಿ ಸಿಕ್ಕಿತು. ಇದನ್ನು ಹಳಿಯಲಾಗದು. ಕಾಲೇಜು ಕೊಡದ್ದನ್ನು ಗಲ್ಲಿ ಕೊಟ್ಟಿದೆ. ಆದರೆ ಗಲ್ಲಿಗೆ ಒಂದು ಮಿತಿಯಿದೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಅದು ಕಲಿಸಬಲ್ಲದು.

ನೌಕರಿಯ ಪತ್ರ ಕೈಗೆ ಬಂದರೆ ತಯಾರಿ ಮುಗಿಯಿತು ಎಂಬ ನಂಬಿಕೆಗೂ ಇತ್ತೀಚೆಗೆ ಪೆಟ್ಟು ಬಿದ್ದಿದೆ. ಅದು ಬಿದ್ದದ್ದು ಮೈಸೂರಿನಲ್ಲಿ. ದೇಶದ ಮೂಲೆಮೂಲೆಯಿಂದ ಆಯ್ಕೆಯಾದ ಹೊಸಬರು ಇನ್ಫೊಸಿಸ್‌ನ ಮೈಸೂರು ಆವರಣದಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆಯುತ್ತಾರೆ. 2025ರ ಫೆಬ್ರುವರಿಯಲ್ಲಿ, ಆಂತರಿಕ ಪರೀಕ್ಷೆಯನ್ನು ಮೂರು ಅವಕಾಶಗಳಲ್ಲೂ ದಾಟಲಾಗದ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿಂದ ಕಳಿಸಲಾಯಿತು. ಅವರಲ್ಲಿ ಹಲವರು 2022ರಲ್ಲೇ ಆಯ್ಕೆಯಾಗಿ, ಸೇರುವ ದಿನಕ್ಕಾಗಿ ಎರಡು ವರ್ಷ ಕಾದವರು. ಪರೀಕ್ಷೆ ನ್ಯಾಯವಾಗಿತ್ತೇ ಎಂಬ ವಾದ ಕಾರ್ಮಿಕ ಇಲಾಖೆಯವರೆಗೂ ಹೋಯಿತು. ಆ ವಾದದ ಆಚೆಗೂ ಒಂದು ಮಾತು ಉಳಿಯುತ್ತದೆ. ಪರೀಕ್ಷೆಗಾಗಿ ಕಲಿತ ಕೋಡಿಂಗ್, ಬಳಸದೆ ಎರಡು ವರ್ಷ ಇಟ್ಟರೆ ತುಕ್ಕು ಹಿಡಿಯುತ್ತದೆ. ಏನನ್ನಾದರೂ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ಕಲಿತದ್ದು ಅಷ್ಟು ಬೇಗ ಹೋಗುವುದಿಲ್ಲ.

ಹಾಗೆ ಕಟ್ಟಲು ಬಿಡುವು ಬೇಕು. ಬಿಡುವು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಓಖ್ಲಾದಲ್ಲಿರುವ ಐಐಐಟಿ–ದೆಹಲಿ ಒಂದು ಉದಾಹರಣೆ. 2008ರಲ್ಲಿ ಶುರುವಾದ ಈ ಸಂಸ್ಥೆಯ ಸ್ಥಾಪಕ ನಿರ್ದೇಶಕ ಪಂಕಜ್ ಜಲೋಟೆ ಅದಕ್ಕೂ ಮೊದಲು ಇನ್ಫೊಸಿಸ್‌ನಲ್ಲಿ ಗುಣಮಟ್ಟ ವಿಭಾಗ ನೋಡಿಕೊಂಡವರು. ಎಂಜಿನಿಯರಿಂಗ್ ಎಂದರೆ ಮೊದಲ ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ ಎಂಬ ಹಳೆಯ ಕ್ರಮವನ್ನು ಅಲ್ಲಿ ತಿರುಗಿಸಿದರು. ಪ್ರೋಗ್ರಾಮಿಂಗ್ ಮತ್ತು ಕಂಪ್ಯೂಟರಿನ ತಿರುಳು ಮೊದಲು, ಮಿಕ್ಕದ್ದು ಆಮೇಲೆ. ಅಡಿಪಾಯ ಬೇಗ ಮುಗಿದರೆ ಕೊನೆಯ ಎರಡು ವರ್ಷ ಇಂಟರ್ನ್‌ಶಿಪ್ಪಿಗೋ ಸಂಶೋಧನೆಗೋ ಸಿಗುತ್ತದೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಪಾಠಗಳ ಕ್ರಮ ಬದಲಿಸುವ ಧೈರ್ಯ ಬೇಕು. ಯಾವುದೇ ಬಿ.ಎಸ್ಸಿ., ಬಿಸಿಎ ಕಾಲೇಜಿಗೂ ಇದು ಅನ್ವಯಿಸುತ್ತದೆ.

ಬಿಡುವಿಗಿಂತ ಅಪರೂಪದ್ದು ಇನ್ನೊಂದಿದೆ: ವಿದ್ಯಾರ್ಥಿಯ ಕೆಲಸವನ್ನು ಕೂತು ಓದುವ ಒಬ್ಬ ಮೇಷ್ಟ್ರು. ನಾಲ್ಕನೆಯ ವರ್ಷ ನಿಂತಿರುವುದೇ ಇದರ ಮೇಲೆ. ಪಾಠ, ಪ್ರಾಯೋಗಿಕ ತರಗತಿ, ಉತ್ತರಪತ್ರಿಕೆಗಳ ನಡುವೆ ಸಿಕ್ಕ ಅಧ್ಯಾಪಕರಿಗೆ ಹತ್ತು ಹದಿನೈದು ಪ್ರಬಂಧಗಳನ್ನು ಹೊರಿಸಿದರೆ ಆಗುವುದೇನು? ವಿದ್ಯಾರ್ಥಿ ಎಲ್ಲಿಂದಲೋ ಒಂದಿಷ್ಟು ದತ್ತಾಂಶ ಇಳಿಸಿಕೊಳ್ಳುತ್ತಾಳೆ, ಬೇರೆಯವರ ಕೋಡ್ ಓಡಿಸುತ್ತಾಳೆ, "ನಿಖರತೆ ಶೇ 94" ಎಂದು ಬರೆಯುತ್ತಾಳೆ. ಪ್ರಬಂಧ ಸಿದ್ಧವಾಯಿತು, ಯಾರೂ ಏನೂ ಕಲಿಯಲಿಲ್ಲ.

ಓದುವವರಿದ್ದರೆ ಸಣ್ಣ ಕೆಲಸವೂ ಬೆಳೆಯುತ್ತದೆ. ಮುದ್ರಿತ ಕನ್ನಡ ಪುಟವನ್ನು ಗುರುತಿಸುವ ಉಚಿತ ತಂತ್ರಾಂಶವೊಂದನ್ನು ತೆಗೆದುಕೊಂಡು, ಹಳೆಯ ಪುಸ್ತಕದ ನೂರು ಪುಟ ಕೊಟ್ಟು, ಯಾವ ಒತ್ತಕ್ಷರಗಳಲ್ಲಿ ಅದು ಎಡವುತ್ತದೆ ಎಂದು ಎಣಿಸುವುದು ಆರ್.ಕೆ.ಪುರಂನ ಆ ಹುಡುಗಿಯ ಕೈಗೆ ಎಟುಕುವ ಕೆಲಸ. ಯಾಕೆ ಎಡವುತ್ತದೆ ಎಂದು ಹುಡುಕಲು ಹೊರಟರೆ ಅದೇ ಸಂಶೋಧನೆ. ತಪ್ಪು ಕಡಿಮೆ ಮಾಡುವ ಪ್ರೋಗ್ರಾಂ ಬರೆದು ಬೇರೆಯವರು ಬಳಸುವಂತೆ ಮಾಡಿದರೆ ಅದೇ ಕಂಪನಿ ಕೇಳುವ ಪ್ರಾಜೆಕ್ಟ್. "ಯಾಕೆ ಹೀಗೆ ಮಾಡಿದೆ? ಎಲ್ಲಿ ಸೋತೆ?" ಎಂದು ವಾರಕ್ಕೊಮ್ಮೆ ಕೇಳುವವರಿದ್ದರೆ ಸಂದರ್ಶನಕ್ಕೆ ಬೇರೆ ತಾಲೀಮು ಹೆಚ್ಚು ಬೇಕಾಗುವುದಿಲ್ಲ. ವಿದೇಶದ ಅರ್ಜಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ಹಾಗೆ ಕೇಳಿದವರು ಬರೆಯುವ ಪತ್ರದಲ್ಲಿ ಮಾತ್ರ ಹೇಳುವುದಕ್ಕೆ ಏನಾದರೂ ಇರುತ್ತದೆ.

ಹಾಗಾಗಿ ನೌಕರಿಯೋ ಮುಂದಿನ ಓದೋ ಎಂಬ ಪ್ರಶ್ನೆ, ಮೂರನೆಯ ವರ್ಷದಲ್ಲಿ ಕಾಣುವಷ್ಟು ಕವಲೊಡೆದದ್ದಲ್ಲ. ಅಡಿಪಾಯ ಗಟ್ಟಿಯಿದ್ದು, ಒಂದು ಕೆಲಸವನ್ನು ಕೊನೆಯವರೆಗೆ ಒಯ್ದು, ಅದನ್ನು ಇನ್ನೊಬ್ಬರಿಗೆ ವಿವರಿಸಬಲ್ಲವರಿಗೆ ಎರಡೂ ದಾರಿ ತೆರೆದಿರುತ್ತವೆ. ದುಡ್ಡಿನ ಒತ್ತಡವಿದ್ದರೆ ಮೊದಲು ನೌಕರಿ ಹಿಡಿಯುವುದರಲ್ಲಿ ಸೋಲೇನೂ ಇಲ್ಲ, ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಓದುವ ಹಂಬಲವಿದ್ದರೆ ಖರ್ಚಿಗೆ ಅಷ್ಟಿಷ್ಟು ಆಸರೆಯಿದೆ: ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, ಜೆಆರ್‌ಎಫ್ ಸಿಕ್ಕ ಸಂಶೋಧನಾ ವಿದ್ಯಾರ್ಥಿಗೆ 37,000.

ಅಪ್ಪನ ಪ್ರಶ್ನೆಗೆ ಮಗಳು ಒಬ್ಬಳೇ ಉತ್ತರ ಹುಡುಕಬೇಕಾಗಿಲ್ಲ. ಅದನ್ನು ಕಾಲೇಜಿನ ಮುಂದಿಡಬಹುದು. ನಾಲ್ಕನೆಯ ವರ್ಷದ ಶುಲ್ಕ ಕಟ್ಟುವ ಮೊದಲು ವಿಭಾಗಕ್ಕೆ ಹೋಗಿ ಕೇಳಬೇಕಾದದ್ದು ಇಷ್ಟೆ: ನನ್ನ ಗೈಡ್ ಯಾರು, ಅವರ ಬಳಿ ಎಷ್ಟು ಮಂದಿ ಇದ್ದಾರೆ, ವಾರದಲ್ಲಿ ಯಾವ ದಿನ ನನ್ನ ಕೆಲಸ ನೋಡುತ್ತಾರೆ? ಹೆಸರು, ಸಂಖ್ಯೆ, ವಾರ ಮೂರೂ ಸಿಕ್ಕರೆ ಉಳಿಯಬಹುದು. ಸಿಗದಿದ್ದರೆ ಮೂರು ವರ್ಷದ ಪದವಿ ಹಿಡಿದು ಹೊರಡುವುದೇ ಲೇಸು. ಆ ಒಂದು ವರ್ಷವನ್ನು ನೌಕರಿಯಲ್ಲೋ ಎಂಸಿಎಯಲ್ಲೋ ಇನ್ನೂ ಚೆನ್ನಾಗಿ ಕಳೆಯಬಹುದು.