ಪರಸಿ ಕಲ್ಲು ಕಲಿಸಿದ ರಸಾಯನಶಾಸ್ತ್ರ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ವಿಜ್ಞಾನ ವಿಭಾಗ ಸೇರಿದ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಹೊಸ ವಿಷಯವಲ್ಲ, ಗೊತ್ತಿದ್ದ ವಿಷಯದ ಹೊಸ ಹೆಸರು. ಪ್ರಕ್ಷೇಪವೆಂದು ಬರೆದದ್ದು ಪ್ರೆಸಿಪಿಟೇಟ್ ಆಗುತ್ತದೆ, ಪರ್ಯಾಪ್ತ ದ್ರಾವಣ ಸ್ಯಾಚುರೇಟೆಡ್ ಸಲ್ಯೂಷನ್ ಆಗುತ್ತದೆ. ನನ್ನೊಂದಿಗೆ ವಿಜ್ಞಾನ ಸೇರಿದ್ದ ಕೆಲವರು ಮೊದಲ ತಿಂಗಳಲ್ಲೇ ಕಲಾ ವಿಭಾಗಕ್ಕೆ ಹೋದರು. ನಮ್ಮೂರ ಶಾಲೆಯಲ್ಲಿ ಗಣಿತಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಗೆಳತಿಯೂ ಅವರಲ್ಲಿ ಒಬ್ಬಳು. ಅವಳಿಗೆ ತಿಳಿಯದೇ ಇದ್ದದ್ದು ವಿಜ್ಞಾನವಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಉಳಿದೆ. ಮುಂದೆ ಮುದ್ದೇಬಿಹಾಳದಲ್ಲಿ ಬಿ.ಎಸ್ಸಿ. ಮುಗಿಸಿದೆ. ಅಲ್ಲಿ ನನ್ನನ್ನು ವಿಜ್ಞಾನದಲ್ಲಿ ಗಟ್ಟಿಯಾಗಿ ನಿಲ್ಲಿಸಿದ ಕೆಲವು ಅನುಭವಗಳನ್ನು ಇಲ್ಲಿ ಹೇಳುತ್ತೇನೆ. ನಾಳೆ ವಿಜ್ಞಾನ ಶಿಕ್ಷಕರಾಗಲಿರುವ ನಮಗೆ ಇವು ಬರೀ ನೆನಪುಗಳಲ್ಲ, ಬೋಧನಾ ಪದ್ಧತಿಯ ಪ್ರಶ್ನೆಯೂ ಹೌದು.

ಮೊದಲನೆಯದು ಮೂರು ಅಂಕಣಗಳ ಒಂದು ನೋಟ್‌ಬುಕ್. ಮೊದಲ ವರ್ಷ ರಸಾಯನಶಾಸ್ತ್ರ ಹೇಳುತ್ತಿದ್ದ ನಮ್ಮ ಗುರುಗಳು ಪುಟವನ್ನು ಮೂರು ಭಾಗ ಮಾಡಿಸಿದರು. ಮೊದಲ ಭಾಗದಲ್ಲಿ ಪರೀಕ್ಷೆಯಲ್ಲಿ ಬರೆಯಬೇಕಾದ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ಪಠ್ಯಪುಸ್ತಕದ ಪದ, ಮೂರನೆಯದರಲ್ಲಿ ಮನೆಯಲ್ಲಿ ಅದಕ್ಕೆ ಏನನ್ನುತ್ತಾರೆ ಎಂಬುದು. ಪ್ರೆಸಿಪಿಟೇಟ್, ಪ್ರಕ್ಷೇಪ, ತಳದಾಗ ಕುಂತ ಗಸಿ. ಮೂರನೆಯ ಅಂಕಣ ತುಂಬಲು ನಾವು ಅವ್ವನನ್ನೋ ಅಜ್ಜಿಯನ್ನೋ ಕೇಳಬೇಕಾಗುತ್ತಿತ್ತು. ಹಾಗೆ ಕೇಳುವಾಗ ಪದದ ಜೊತೆಗೆ ಅನುಭವವೂ ಬರುತ್ತಿತ್ತು.

ಆದರೆ ಮನೆಯ ಪದವೂ ಶಾಸ್ತ್ರದ ಪದವೂ ಯಾವಾಗಲೂ ಒಂದಕ್ಕೊಂದು ಹೊಂದುವುದಿಲ್ಲ. ಇದನ್ನು ಕಲಿಸಿದ್ದು ‘ಹಾರ್ಡ್‌ನೆಸ್’ ಎಂಬ ಪದ. ಪಠ್ಯದಲ್ಲಿ ಅದು ನೀರಿನ ಗಡಸುತನ. ನಮ್ಮ ಕಡೆ ಬಾಯಿಗೆ ಹಿಡಿಸದ ನೀರೆಲ್ಲ ‘ಸವಳ ನೀರು’. ಡೋಣಿ ಹೊಳೆಯ ನೀರೂ ಸವಳು, ಹೊಲದ ಬೋರಿನ ನೀರೂ ಸವಳು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಆ ದಂಡೆಯ ಕರಿಮಣ್ಣನ್ನು ಹೊಗಳುವ ಜನ ಅದರ ನೀರನ್ನು ಮಾತ್ರ ಹೊಗಳುವುದಿಲ್ಲ. ಸೋಡಿಯಂ ಕ್ಲೋರೈಡಿನಂಥ ಉಪ್ಪು ಹೆಚ್ಚಾಗಿ ಉಪ್ಪುಪ್ಪಾದ ನೀರು ಬೇರೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳಿಂದ ಗಡಸಾದ ನೀರು ಬೇರೆ ಎಂದು ಗುರುಗಳು ಬಿಡಿಸಿ ಹೇಳಿದರು. ಒಂದೇ ನೀರಿನಲ್ಲಿ ಎರಡೂ ಇರಬಹುದು, ಕಾರಣಗಳು ಮಾತ್ರ ಬೇರೆ ಬೇರೆ. ಊರಿನ ಒಂದು ಪದವನ್ನು ಶಾಸ್ತ್ರ ಎರಡಾಗಿ ಬಿಡಿಸಿದ್ದು ನನಗೆ ಹೊಸ ಕಣ್ಣು ಕೊಟ್ಟಂತಾಯಿತು.

ಎರಡನೆಯ ಅನುಭವ ಪ್ರಯೋಗಶಾಲೆಯದು. ಗಡಸುತನ ಅಳೆಯುವ ಪ್ರಯೋಗಕ್ಕೆ ಪ್ರತಿಯೊಬ್ಬರೂ ಅವರವರ ಊರಿನ ನೀರನ್ನೇ ಬಾಟಲಿಯಲ್ಲಿ ತರಬೇಕೆಂದು ಹೇಳಿದರು. ಯಾರು ಎಲ್ಲಿಂದ ತಂದದ್ದು, ಬಾವಿಯದೋ ಬೋರಿನದೋ ಕೃಷ್ಣೆಯದೋ ಎಂದು ಚೀಟಿ ಅಂಟಿಸಿದೆವು. 50 ಮಿ.ಲೀ. ನೀರಿಗೆ ಅಮೋನಿಯಾ ಬಫರ್ ಹಾಕಿ ಪಿಎಚ್ 10ರ ಹತ್ತಿರ ತರಬೇಕು. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಬಿದ್ದೊಡನೆ ನೀರು ದ್ರಾಕ್ಷಾರಸದ ಕೆಂಪು. ಬ್ಯುರೆಟ್‌ನಿಂದ 0.01 ಮೋಲಾರ್ ಇಡಿಟಿಎ ಹನಿಹನಿಯಾಗಿ ಬೀಳುತ್ತ ಹೋದಂತೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುತ್ತದೆ. ಕೊನೆಯ ಅಯಾನೂ ಸಿಕ್ಕಿಬಿದ್ದಾಗ ಕೆಂಪು ಹೋಗಿ ಶುದ್ಧ ನೀಲಿ. ಲೆಕ್ಕ ಸುಲಭ. ಒಂದು ಮಿ.ಲೀ. ಇಡಿಟಿಎ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮ. 10 ಮಿ.ಲೀ. ಖರ್ಚಾದರೆ ಲೀಟರಿಗೆ 200 ಮಿಲಿಗ್ರಾಂ, 30 ಮಿ.ಲೀ. ಖರ್ಚಾದರೆ 600. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿಗೆ ಒಪ್ಪುವ ಮಿತಿ 200, ಬೇರೆ ಮೂಲವೇ ಇಲ್ಲದಿದ್ದಾಗ ಸಹಿಸಬಹುದಾದ ಮಿತಿ 600.

ಪ್ರಾಕ್ಟಿಕಲ್ ಎಂದರೆ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ‘ಬರಬೇಕಾದ’ ಅಳತೆ ಬರೆಯುವುದು ಎಂಬ ರೂಢಿ ಅನೇಕ ಕಡೆ ಇದೆ. ಅಂದು ಹಾಗೆ ಮಾಡಲು ದಾರಿಯೇ ಇರಲಿಲ್ಲ, ನನ್ನೂರಿನ ನೀರಿನ ಉತ್ತರ ಯಾವ ರೆಕಾರ್ಡಿನಲ್ಲೂ ಇರಲಿಲ್ಲ. ಎಷ್ಟು ಬರಬೇಕು ಸರ್ ಎಂದು ಒಬ್ಬರು ಕೇಳಿದಾಗ ಗುರುಗಳು ಹೇಳಿದ ಮಾತು ನನಗೆ ಪಾಠವಾಗಿ ಉಳಿದಿದೆ: “ನಿನ್ನ ಬ್ಯುರೆಟ್ ಏನ್ ಹೇಳ್ತೈತಿ ಅದನ್ನ ಬರಿ. ಪುಸ್ತಕ ನಿಮ್ಮೂರ ನೀರು ಕುಡದಿಲ್ಲ.” ಮೂರು ಸಲ ಮಾಡಿ, ಮೂರೂ ಅಳತೆ ಹೊಂದಿದಾಗ ಆ ಅಂಕಿ ನನ್ನದಾಯಿತು. ನಮ್ಮ ಬೋರಿನ ನೀರು ಕೃಷ್ಣೆಯ ನೀರಿಗಿಂತ ಬಹಳ ಗಡಸು. ಸಬಕಾರಕ್ಕೆ ಬುರುಗು ಬಾರದ್ದು, ಕಾಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುವುದು, ಆ ನೀರಿನಲ್ಲಿ ಬ್ಯಾಳಿ ಬೇಗ ಬೇಯದು ಎಂದು ಅವ್ವ ಅಡುಗೆಗೆ ಬೇರೆ ನೀರು ತರುವುದು ಎಲ್ಲಕ್ಕೂ ಒಂದೇ ಕಾರಣ. ಕ್ಯಾಲ್ಸಿಯಂ ಸಬಕಾರದೊಂದಿಗೆ ಸೇರಿ ಕರಗದ ಗಸಿಯಾಗುತ್ತದೆ, ಬೇಳೆಯ ಪೆಕ್ಟಿನ್‌ನೊಂದಿಗೆ ಸೇರಿ ಅದನ್ನು ಮೆತ್ತಗಾಗಗೊಡುವುದಿಲ್ಲ.

ಹಾಗಾದರೆ ಕ್ಯಾಲ್ಸಿಯಂ ನೀರಿಗೆ ಬಂದದ್ದು ಎಲ್ಲಿಂದ? ಉತ್ತರ ನಾವು ದಿನವೂ ತುಳಿಯುವ ನೆಲದಲ್ಲಿತ್ತು. ತಾಳಿಕೋಟಿ ಸುತ್ತಲಿನ ಪರಸಿ ಕಲ್ಲು ಭೂವಿಜ್ಞಾನಿಗಳು ಭೀಮಾ ಶ್ರೇಣಿ ಎಂದು ಕರೆಯುವ ಪದರಗಳ ಸುಣ್ಣಕಲ್ಲು. ಕಲಬುರಗಿ ಕಡೆಯ ಶಹಾಬಾದ ಕಲ್ಲೂ ಇದೇ ಶ್ರೇಣಿಯದು. ಗುರುಗಳು ಒಡೆದ ಪರಸಿಯ ಚೂರಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟರು. ಬುಸ್ಸೆಂದು ನೊರೆ ಎದ್ದಿತು. ಪಕ್ಕದಲ್ಲಿಟ್ಟ ಕರಿ ಕಲ್ಲಿನ ಮೇಲೆ ಏನೂ ಆಗಲಿಲ್ಲ. ಮಳೆನೀರು ಗಾಳಿಯ ಮತ್ತು ಮಣ್ಣಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗಿ, ಸುಣ್ಣಕಲ್ಲನ್ನು ಬೈಕಾರ್ಬೋನೇಟ್ ರೂಪದಲ್ಲಿ ಕರಗಿಸುತ್ತದೆ. ಕಾಯಿಸಿದಾಗ ಅದು ಮರಳಿ ಕಾರ್ಬೋನೇಟಾಗಿ ಹಂಡೆಗೆ ಅಂಟುತ್ತದೆ. ಹಂಡೆಯೊಳಗಿನ ಬಿಳಿ ಪದರವೂ ನೆಲದ ಪರಸಿಯೂ ಒಂದೇ ವಸ್ತು!

ಈ ವರ್ಷ ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ ನನಗೆ 10ನೇ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕ ಬಂತು. ಪರಸಿಯ ಚೂರು, ಕರಿ ಕಲ್ಲು, ಲಿಂಬೆಹಣ್ಣು, ಸುಣ್ಣದ ತಿಳಿನೀರು ಇಷ್ಟೇ ನನ್ನ ಬೋಧನೋಪಕರಣ. ಆಮ್ಲವನ್ನು ನಾನೇ ಬಳಸಿದೆ, ಮಕ್ಕಳ ಕೈಗೆ ಲಿಂಬೆರಸ ಮಾತ್ರ. ಕಲ್ಲಿನ ಪುಡಿಗೆ ಆಮ್ಲ ಸೇರಿಸಿ, ಬಂದ ಅನಿಲವನ್ನು ತಿಳಿನೀರಿನಲ್ಲಿ ಹಾಯಿಸಿದಾಗ ಅದು ಹಾಲಿನಂತಾಯಿತು. ಆಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಟೀಚರ್, ನಮ್ಮನ್ಯಾಗ ಪರಸಿ ಮ್ಯಾಲೆ ಲಿಂಬಿಹುಳಿ ಬಿದ್ದಲ್ಲಿ ಕಲೆ ಆಗೇತಿ, ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಅದೂ ಹಿಂಗ ಆಗಿದ್ದೇನ್ರಿ?” ಉತ್ತರವನ್ನು ನಾನು ಹೇಳಲಿಲ್ಲ. ಅವಳ ಕೈಗೇ ಲಿಂಬೆ ಕೊಟ್ಟೆ. ಸಣ್ಣ ಗುಳ್ಳೆಗಳು ಎದ್ದವು. ಒರೆಸಿದಾಗ ಆ ಜಾಗದ ಹೊಳಪು ಹೋಗಿತ್ತು. “ಕಲೆ ಅಲ್ರಿ ಇದು, ಕಲ್ಲೇ ಕರಗೇತಿ” ಎಂದು ಅವಳೇ ಹೇಳಿದಳು.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ಒಂದು ನ್ಯಾಯವಾದ ಪ್ರಶ್ನೆ ಎತ್ತಿದರು. ನಲವತ್ತು ನಿಮಿಷದ ಅವಧಿಯಲ್ಲಿ ಹೆಚ್ಚಿನ ಪಾಲು ಚಟುವಟಿಕೆಗೇ ಹೋದರೆ ಸಮೀಕರಣ ಯಾವಾಗ? ಪರೀಕ್ಷೆಯಲ್ಲಿ ಕೇಳುವುದು ಸಮೀಕರಣವನ್ನೇ ಅಲ್ಲವೇ? ಸಮೀಕರಣವನ್ನು ನಾನು ಮರುದಿನದ ಅವಧಿಗೆ ಇಟ್ಟುಕೊಂಡಿದ್ದೆ. ಕ್ಯಾಲ್ಸಿಯಂ ಕಾರ್ಬೋನೇಟ್ ಎಂದು ಬೋರ್ಡಿನ ಮೇಲೆ ಬರೆದಾಗ ಮಕ್ಕಳಿಗೆ ಅದು ಪರಸಿಯ ಇನ್ನೊಂದು ಹೆಸರಾಗಿತ್ತು, ಹಾಗಾಗಿ ಅಂದು ಸಮಯ ಉಳಿಯಿತು. ಎಲ್ಲ ಘಟಕಕ್ಕೂ ಹೀಗೆ ಸಮಯ ಕೊಡಲಾಗದು ಎಂಬುದನ್ನು ನಾನೂ ಒಪ್ಪುತ್ತೇನೆ. ಯಾವುದಕ್ಕೆ ಕೊಡಬೇಕೆಂದು ಆರಿಸುವುದೇ ಪಾಠ ಯೋಜನೆಯ ನಿಜವಾದ ಕೆಲಸ ಎನಿಸುತ್ತದೆ.

ಅದೇ ಹುಡುಗಿ ವಾರದ ಕೊನೆಗೆ ಬಂದು, ಪಿಯುಸಿಗೆ ಆರ್ಟ್ಸ್ ತಗೋತೀನಿ, ಸೈನ್ಸ್ ಇಂಗ್ಲಿಷಿನ್ಯಾಗ ಇರತೈತಂತ ಎಂದಳು. ಆರ್ಟ್ಸ್ ಇಷ್ಟಪಟ್ಟು ಓದುವುದಾದರೆ ಅದು ಒಳ್ಳೆಯದೇ. ಆದರೆ ಅವಳ ಮಾತಿನಲ್ಲಿದ್ದದ್ದು ಇಷ್ಟವಲ್ಲ, ಹೆದರಿಕೆ. ಇಂಗ್ಲಿಷ್ ಸುಲಭ ಎಂದು ನಾನು ಹೇಳಲಿಲ್ಲ. ನನ್ನ ಹಳೆಯ ನೋಟ್‌ಬುಕ್ ತಂದು ತೋರಿಸಿದೆ. ಮೂರನೆಯ ಅಂಕಣ ಓದಿ ನಕ್ಕಳು, ಎರಡನೆಯದನ್ನು ಗುರುತಿಸಿದಳು, ಆಮೇಲೆ ಮೊದಲನೆಯದರ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಎರಡು ಪುಟ ಬರೆದುಕೊಂಡು ಹೋದಳು. ಜೂನ್‌ನಲ್ಲಿ ಅವಳು ಯಾವ ವಿಭಾಗ ಸೇರಿದರೂ ಸರಿ, ಹೆದರಿ ಆರಿಸಬಾರದು ಎಂಬುದಷ್ಟೇ ನನ್ನ ಆಸೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಒಂದು ಸೂಚನೆ. ಘಟಕ ಯೋಜನೆ ಬರೆಯುವ ಮೊದಲು ಶಾಲೆಯ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಕಲ್ಲು ಯಾವುದು, ನೀರು ಎಲ್ಲಿಯದು, ಮಣ್ಣಿಗೆ ಏನನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗೆ ಉಬ್ಬುವ ಎರೆಹೊಲದಲ್ಲಿ ಜೇಡಿಕಣಗಳು ನೀರು ಹೀರುವ ಪಾಠವಿದೆ. ನೆರೆಯ ಆಲಮಟ್ಟಿಯ 290 ಮೆಗಾವ್ಯಾಟ್ ವಿದ್ಯುದಾಗಾರದಲ್ಲಿ 9ನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಇದೆ. ಸುತ್ತು ಹಾಕುವಾಗ ಮೂರು ಅಂಕಣಗಳ ನೋಟ್‌ಬುಕ್ ಜೊತೆಗಿರಲಿ, ಮೂರನೆಯ ಅಂಕಣದಿಂದ ತುಂಬಲು ಆರಂಭಿಸಿ. ಮೊದಲನೆಯದನ್ನು ಮಾತ್ರ ಎಂದೂ ಖಾಲಿ ಬಿಡಬೇಡಿ, ಮಕ್ಕಳು ಮುಂದೆ ಪರೀಕ್ಷೆ ಬರೆಯಬೇಕಾದದ್ದು ಅದರಲ್ಲೇ.