ವರ್ಷವೆಲ್ಲ ರಜೆ ಇರುವವರ ಬೇಸಿಗೆ ಓದು

"ನಿಮ್ಮ ಮಕ್ಕಳಿಗೇನ್ರಿ, ವರ್ಷಪೂರ್ತಿ ರಜೆ!" ಪುಣೆಯ ನಮ್ಮ ಸೊಸೈಟಿಯ ವಾಚ್‌ಮನ್‌ನಿಂದ ಹಿಡಿದು ಧಾರವಾಡದ ನನ್ನ ಚಿಕ್ಕಮ್ಮನವರೆಗೆ ಈ ಮಾತನ್ನು ಆಡದವರಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಶುರುಮಾಡಿ ಆರು ವರ್ಷವಾಯಿತು. ಮೊದಮೊದಲು ಉತ್ತರ ಕೊಡುತ್ತಿದ್ದೆ, ಈಗ ನಕ್ಕು ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ನಮ್ಮ ಮನೆಗೂ ಬೇಸಿಗೆ ರಜೆ ಬರುತ್ತದೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಕಟ್ಟಡದ ಮಕ್ಕಳೆಲ್ಲ ಕೆಳಗೆ ಕ್ರಿಕೆಟ್ ಬ್ಯಾಟು ಹಿಡಿದು ಕೂಗತೊಡಗಿದರೆ ನಮ್ಮವರನ್ನು ಗಣಿತದ ಮುಂದೆ ಕೂರಿಸಲು ಯಾವ ತಾಯಿಗೂ ಸಾಧ್ಯವಿಲ್ಲ.

ಕಳೆದ ವರ್ಷದ ಬೇಸಿಗೆ ಮಾತ್ರ ಬೇರೆಯಾಗಿತ್ತು. ದೊಡ್ಡವನಿಗೆ ಹದಿನೈದು ತುಂಬಿತ್ತು. ಎನ್‌ಐಒಎಸ್ ಅಂದರೆ ಮುಕ್ತ ಶಾಲೆಯ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದ. ಅದರಲ್ಲಿ ಪಾಸಾಗಲು ಐದು ವಿಷಯ ಸಾಕು, ಒಂದಾದರೂ ಭಾಷೆ ಇರಬೇಕು. ಅವನು ಇಂಗ್ಲಿಷ್ ತೆಗೆದುಕೊಂಡ. ಕನ್ನಡದ ಮಾತನ್ನು ನಾನೂ ಎತ್ತಲಿಲ್ಲ, ಅಂಕದ ಭಯ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಎಂಟನೆಯ ವಯಸ್ಸಿನಲ್ಲಿ ನಾನೇ ಅಕ್ಷರ ತಿದ್ದಿಸಿದ್ದೇನೆ, ಆದರೂ ಪರೀಕ್ಷೆ ಅಂದಕೂಡಲೇ ನಾನು ಹಿಂದೆ ಸರಿದೆ. ಆ ತಪ್ಪಿತಸ್ಥ ಭಾವವನ್ನೆಲ್ಲ ಬೇಸಿಗೆಯ ಓದಿನ ಪಟ್ಟಿಯ ಮೇಲೆ ಸುರಿದೆ.

ಪಟ್ಟಿಯಲ್ಲಿ ಹನ್ನೆರಡು ಪುಸ್ತಕಗಳಿದ್ದವು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ, ಪ್ರತಿ ಹೆಸರಿನ ಮುಂದೆ ಮುಗಿಸಬೇಕಾದ ತಾರೀಕು. ಕಾರಂತರ 'ಮರಳಿ ಮಣ್ಣಿಗೆ', 'ಚೋಮನ ದುಡಿ', ಮಾಸ್ತಿಯವರ 'ಸುಬ್ಬಣ್ಣ', ಗೊರೂರರ 'ಹಳ್ಳಿಯ ಚಿತ್ರಗಳು', ತೇಜಸ್ವಿಯವರ 'ಕರ್ವಾಲೊ', ಹೀಗೆ. ಒಂದೊಂದೂ ನನಗೆ ಪ್ರೀತಿಯ ಪುಸ್ತಕವೇ. ಈಗ ನೆನೆದರೆ ನಗು ಬರುತ್ತದೆ, ಆ ಪಟ್ಟಿ ನೋಡಿದ ಯಾರಿಗಾದರೂ ಅದು ಹದಿನೈದು ವರ್ಷದ ಹುಡುಗನಿಗೆ ಬರೆದದ್ದೆಂದು ಅನಿಸುತ್ತಿರಲಿಲ್ಲ. ನಾನು ಒಳ್ಳೆಯ ಕನ್ನಡತಿ, ಮಕ್ಕಳನ್ನು ಶಾಲೆ ಬಿಡಿಸಿ ಕೆಡಿಸಿಲ್ಲ ಎಂದು ನೆಂಟರಿಷ್ಟರ ಮುಂದೆ ಹಾಜರುಪಡಿಸುವ ಸಾಕ್ಷಿಪತ್ರ ಅದು.

ಎರಡು ವಾರ ಕಳೆದ ಮೇಲೆ ಅವನು 'ಮರಳಿ ಮಣ್ಣಿಗೆ'ಯ ಮುಂದೆ ಸರಿ ಗುರುತು ಹಾಕಿದ್ದ. ಹಿಗ್ಗಿ ಹೀರೇಕಾಯಿಯಾದೆ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಮೂರು ತಲೆಮಾರಿನ ಕಥೆ, ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ ಊರಿಗೆ ಮರಳುತ್ತಾನೆ, ಎಲ್ಲ ಹೇಳಿದ. ಹೇಳುವ ರೀತಿ ಮಾತ್ರ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿತ್ತು. "ಸಮುದ್ರ ಹೆಂಗನಿಸ್ತು?" ಅಂದೆ. ಅವನು ತಟ್ಟೆಯಿಂದ ತಲೆ ಎತ್ತಿದ.

"ಅದರಾಗ ಸಮುದ್ರ ಐತೇನು?"

ಆ ಕಾದಂಬರಿ ಓದಿದವರಿಗೆ ಗೊತ್ತು, ಕಡಲಿನ ಸದ್ದು ಕೇಳದೆ ಅದರಲ್ಲಿ ದಾಟಿ ಹೋಗುವುದು ಕಷ್ಟ. ಅವನು ಇಂಗ್ಲಿಷಿನಲ್ಲಿ ಎಲ್ಲೋ ಕಥಾಸಾರಾಂಶ ಓದಿಕೊಂಡಿದ್ದ. ನಾನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎದ್ದು ಹೋಗಿ ಪಾತ್ರೆ ತೊಳೆದೆ. ಶಾಲೆಗೆ ಹೋಗುವ ಮಕ್ಕಳಿಗೆ ಸುಳ್ಳು ಹೇಳಲು ಒಬ್ಬ ಮಾಸ್ತರರಿರುತ್ತಾರೆ, ಮನೆಗೆ ಬಂದು ಅಮ್ಮನ ಹತ್ತಿರ ನಿಜ ಹೇಳಿಕೊಳ್ಳಬಹುದು. ನಮ್ಮ ಮನೆಯಲ್ಲಿ ಎರಡೂ ನಾನೇ. ಅಂಕಕ್ಕಾಗಿ ಕಾಪಿ ಹೊಡೆಯುವುದನ್ನು ಮಕ್ಕಳು ಕಲಿಯಬಾರದು ಎಂಬುದು ಶಾಲೆ ಬಿಡಿಸಲು ನಾವು ಕೊಟ್ಟುಕೊಂಡ ಕಾರಣಗಳಲ್ಲಿ ಒಂದಾಗಿತ್ತು.

ಮೇ ಎರಡನೆಯ ವಾರ ಧಾರವಾಡಕ್ಕೆ ಹೋದೆವು. ನನ್ನ ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ಮೊಮ್ಮಕ್ಕಳು ಸಾಲಿಗೆ ಹೋಗುವುದಿಲ್ಲ ಅನ್ನುವುದನ್ನು ಅವರು ಆರು ವರ್ಷದಿಂದ ನುಂಗಿಕೊಂಡಿದ್ದಾರೆ. ಒಂದು ದಿನವೂ ಎದುರು ಮಾತಾಡಿದವರಲ್ಲ, ಆದರೆ ಓಣಿಯ ಜನ ಕೇಳಿದರೆ "ಪುಣೆದಾಗ ಓದ್ತಾರ" ಎಂದಷ್ಟೇ ಹೇಳಿ ಮಾತು ಬದಲಿಸುವುದನ್ನು ಕೇಳಿದ್ದೇನೆ. ನಾನು ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ತೋರಿಸಿದೆ. ಸಮುದ್ರದ ಕಥೆಯನ್ನೂ ಹೇಳಿದೆ. ಅಪ್ಪನಿಗೆ ಸಿಟ್ಟು ಬರುತ್ತದೆಂದುಕೊಂಡಿದ್ದೆ, ಅವರು ಪಟ್ಟಿಯನ್ನು ದೂರ ಹಿಡಿದು ಓದಿ ಮಡಚಿ ವಾಪಸು ಕೊಟ್ಟರು.

"ಸಾಲಿ ಬಿಡಿಸಿದಿ, ಆತು. ಮತ್ತ ಮನ್ಯಾಗ ಸಾಲಿ ಯಾಕ ತಗದಿ?"

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಮೂವತ್ತು ವರ್ಷ ತಾವೂ ಇಂಥ ಪಟ್ಟಿ ಕೊಟ್ಟವರೇ, ಹುಡುಗರು ಗೈಡು ನೋಡಿ ಬರೆದದ್ದಕ್ಕೆ ಗೊತ್ತಿದ್ದೂ ಅಂಕ ಹಾಕಿದ್ದೇನೆ ಎಂದು.

ಅಲ್ಲಿ ಉಳಿದ ಹದಿನೈದು ದಿನಗಳಲ್ಲಿ ನಾನು ಕಲಿತದ್ದು ಹೆಚ್ಚಾಗಿ ಅಡ್ಡಿಗಳ ಬಗ್ಗೆ. ಮಗನಿಗೆ ಕನ್ನಡ ಓದಲು ಮನಸ್ಸಿಲ್ಲ ಎಂದು ತಿಳಿದಿದ್ದೆ. ಅಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದಾಗ ಕಾರಣ ಬೇರೆ ಎಂದು ಗೊತ್ತಾಯಿತು. ಪುಣೆಯಲ್ಲಿ ಬೆಳೆದ ಮಕ್ಕಳ ಕಣ್ಣಿಗೆ ಮೊದಲು ಕೂತದ್ದು ದೇವನಾಗರಿ. ಅಲ್ಲಿ ಅರ್ಧ ಅಕ್ಷರ ಮುಂದೆ ನಿಲ್ಲುತ್ತದೆ, ನಮ್ಮಲ್ಲಿ ಒತ್ತು ಕೆಳಗಿಳಿಯುತ್ತದೆ. ಅಲ್ಲಿ ರಫಾರ ತಲೆಯ ಮೇಲೆ, ಇಲ್ಲಿ ಅರ್ಕಾವತ್ತು ಅಕ್ಷರ ಮುಗಿದ ಮೇಲೆ. 'ಧರ್ಮ' ಎಂಬ ಪದದ ಹತ್ತಿರ ಅವನ ಕಣ್ಣು ಪ್ರತಿ ಸಲ ಹಿಂದೆ ಹೋಗಿ ಮುಂದೆ ಬರುತ್ತಿತ್ತು. ಇಂಗ್ಲಿಷಿನಲ್ಲಿ ಗಂಟೆಗೆ ಐವತ್ತು ಪುಟ ಓದುವ ಹುಡುಗ ಕನ್ನಡದಲ್ಲಿ ಆರು ಪುಟಕ್ಕೆ ದಣಿಯುತ್ತಿದ್ದ. ಬುದ್ಧಿಗೆ ಹದಿನೈದು ವರ್ಷ, ಕಣ್ಣಿಗೆ ಏಳು. ಏಳು ವರ್ಷದವರ ಕಥೆ ಕೊಟ್ಟರೆ ಅವಮಾನ, ಹದಿನೈದರವರ ಕಾದಂಬರಿ ಕೊಟ್ಟರೆ ಆಯಾಸ. ಪಟ್ಟಿ ಬರೆಯುವಾಗ ನನಗೆ ಇದು ಹೊಳೆದಿರಲಿಲ್ಲ.

ಇನ್ನೊಂದು, ಮಾತಿನದು. ನಮ್ಮ ಮನೆಯ ಮಾತು ಧಾರವಾಡದ್ದು. "ಹೋಗತೇನಿ, ಬರತೇನಿ" ಎನ್ನುವ ಹುಡುಗನಿಗೆ "ಹೋಗುತ್ತೇನೆ" ಎಂಬ ಅಚ್ಚಿನ ಕನ್ನಡವೇ ಅರ್ಧ ಪರಕೀಯ. ಅದರ ಮೇಲೆ ಕರಾವಳಿಯ ಮಾತು, ಮಲೆನಾಡಿನ ಮಾತು. ಊರಲ್ಲಿ ಬೆಳೆದ ಮಕ್ಕಳಿಗೆ ರೇಡಿಯೋ, ನಾಟಕ, ಪೇಪರು, ಬಸ್ಸಿನ ಬೋರ್ಡು ಎಲ್ಲ ಸೇರಿ ಈ ಕನ್ನಡಗಳ ಪರಿಚಯ ಮಾಡಿಸಿರುತ್ತವೆ. ಹೊರನಾಡಿನ ಮಗುವಿಗೆ ಕನ್ನಡವೆಂದರೆ ಅಪ್ಪ ಅಮ್ಮ ಮತ್ತು ವಾಟ್ಸಪ್ಪಿನಲ್ಲಿ ಬರುವ ಅಜ್ಜಿ, ಅಷ್ಟೇ. ಒಂದು ಸಂಜೆ ಅವನನ್ನು ಸುಭಾಸ ರಸ್ತೆಗೆ, ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಕರೆದೊಯ್ದೆ. 1933ರಲ್ಲಿ ಶುರುವಾದ ಪ್ರಕಾಶನ ಎಂದು ನಾನು ಭಾಷಣ ಬಿಗಿಯುತ್ತಿದ್ದರೆ ಅವನು ಕಾರ್ನಾಡರ ಆತ್ಮಕಥೆಯ ಹೆಸರು ನೋಡಿ ನಗುತ್ತಿದ್ದ. "ಅಮ್ಮಾ, 'ಆಡಾಡತ ಆಯುಷ್ಯ' ಅಂತ! ಇದು ಅಜ್ಜನ ಮಾತು." ಅಚ್ಚಾದ ಪುಸ್ತಕದ ರಟ್ಟಿನ ಮೇಲೆ ಅಜ್ಜನ ಮಾತು ಇರಬಹುದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಂದೆವು. ಶಿರಸಿಯ ಬಾಲ್ಯದ ಭಾಗ ಮಾತ್ರ ಓದಿ ಬಿಟ್ಟ. ಬಿಡಲಿ ಎಂದೆ, ಸ್ವಲ್ಪ ಹಲ್ಲು ಕಚ್ಚಿ.

ಕೊನೆಗೆ ಅವನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿರತೆ. ಅಪ್ಪನ ಕಪಾಟಿನಲ್ಲಿ ತೇಜಸ್ವಿಯವರು ಕಾರ್ಬೆಟ್‌ನಿಂದ ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಇತ್ತು. ಅಪ್ಪನಿಗೆ ಆಗಷ್ಟೇ ಒಂದು ಕಣ್ಣಿನ ಪೊರೆ ತೆಗೆದಿದ್ದರು, ಓದುವಂತಿರಲಿಲ್ಲ. "ಓದಿ ಹೇಳೋ" ಎಂದರು. ಇದು ಪಾಠವಲ್ಲ, ಅಜ್ಜನಿಗೆ ನಿಜವಾಗಿಯೂ ಬೇಕಾಗಿದ್ದ ಕೆಲಸ. ಹುಡುಗರಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕೇದಾರ ಬದರಿಯ ಯಾತ್ರೆಯ ದಾರಿ, ಕತ್ತಲಾದರೆ ಬಾಗಿಲು ಹಾಕಿಕೊಳ್ಳುವ ಊರುಗಳು, ಸರ್ಕಾರದ ಲೆಕ್ಕದಲ್ಲೇ ನೂರಿಪ್ಪತ್ತೈದು ಜನರನ್ನು ತಿಂದ ಒಂದೇ ಚಿರತೆ. ಎರಡನೆಯ ದಿನ ಸಂಜೆ ಅಡ್ಡಮಳೆ ಹೊಡೆದು ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲಿ ಓದುವುದು ಮುಂದುವರಿಯಿತು. ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಮಹಾಪ್ರಾಣ ತಪ್ಪಿದಲ್ಲೆಲ್ಲ ಅಪ್ಪ ತಿದ್ದುತ್ತಿದ್ದರು. ಚಿರತೆ ಹತ್ತಿರ ಬಂದಾಗ ಮಾತ್ರ ತಿದ್ದುವುದನ್ನು ಮರೆಯುತ್ತಿದ್ದರು.

ಪುಸ್ತಕ ಮುಗಿಯುವ ಮೊದಲೇ ನಾವು ಪುಣೆಗೆ ಹೊರಡಬೇಕಾಯಿತು. ಉಳಿದದ್ದನ್ನು ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಓದಿ ಹೇಳಿದ. ಗುಲಾಬ್‌ರಾಯ್‌ನ ಮಾವಿನ ಮರದ ಮೇಲೆ ಕೂತು ಕಾರ್ಬೆಟ್ ಅದನ್ನು ಹೊಡೆದದ್ದು 1926ರ ಮೇ ತಿಂಗಳಲ್ಲಿ. "ಈಗಿನಂಥದ ಬ್ಯಾಸಗಿ" ಎಂದರಂತೆ ಅಪ್ಪ. ಆಮೇಲೆ ಅವನೇ ತೇಜಸ್ವಿಯವರ 'ಕಾಡಿನ ಕಥೆಗಳು' ಕೇಳಿ ತರಿಸಿಕೊಂಡ. ಅಲ್ಲಿಂದ ಆಗಸ್ಟಿನಲ್ಲಿ 'ಕರ್ವಾಲೊ'ಗೆ ಬಂದ. ಅದರಲ್ಲಿ ಊರವರಿಗೆ ಶತದಡ್ಡನಾದ ಮಂದಣ್ಣನನ್ನು ದೊಡ್ಡ ವಿಜ್ಞಾನಿಯೊಬ್ಬರು ಗೌರವದಿಂದ ಕಾಣುವುದು ಅವನಿಗೆ ಬಹಳ ಹಿಡಿಸಿತು. ಯಾಕೆ ಹಿಡಿಸಿತು ಎಂದು ನಾನು ಕೇಳಲಿಲ್ಲ. ಪ್ರಶ್ನೆ ಕೇಳದಿರುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಮಗಳ ವಿಷಯ ಬೇರೆ, ಅಲ್ಲಿ ನಾನು ಗೆದ್ದಿಲ್ಲ. ಅವಳಿಗೆ ಹದಿಮೂರು. ಗೆಳತಿಯರೆಲ್ಲ ಮರಾಠಿಯವರು, ಕನಸು ಕಾಣುವುದೂ ಮರಾಠಿಯಲ್ಲೇ ಇರಬೇಕು. ಅಜ್ಜನ ಹತ್ತಿರ ನಾಲ್ಕು ದಿನ ಕೂತು, ಐದನೆಯ ದಿನ ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಅಜ್ಜಿಯ ಕಡೆ ಹೋದಳು. ಈ ಸಲ ಅವಳಿಗೆ ಪಟ್ಟಿ ಕೊಡಲಿಲ್ಲ, ಅಪ್ಪಾ ಬಳವಂತ ಚೌಕಕ್ಕೆ ಕರೆದುಕೊಂಡು ಹೋಗಿ ಮುನ್ನೂರು ರೂಪಾಯಿ ಕೈಗಿಟ್ಟು, ನಿನಗೆ ಬೇಕಾದ್ದು ತಗೋ ಎಂದೆ. ಒಳಗೊಳಗೇ ಆಸೆಯಿತ್ತು, ಏನೆಂದು ಬಿಡಿಸಿ ಹೇಳಬೇಕಿಲ್ಲ. ಅವಳು ತಂದದ್ದು ವ್ಯಂಕಟೇಶ ಮಾಡಗೂಳಕರರ 'ಬನಗರವಾಡಿ'. 1955ರ ಮರಾಠಿ ಕಾದಂಬರಿ. ಕುರುಬರ ಹಳ್ಳಿಯೊಂದಕ್ಕೆ ಶಾಲೆ ನಡೆಸಲು ಬಂದ ಎಳೆಯ ಮಾಸ್ತರನಿಗೆ ಶಾಲೆಯಲ್ಲಿ ಮಕ್ಕಳೇ ಇಲ್ಲ, ಎಲ್ಲ ಕುರಿಯ ಹಿಂದೆ. "ನಮ್ಮಂಥವರ ಕಥಿ" ಎಂದು ನಗುತ್ತ ಹೇಳಿದಳು.

ನನಗೆ ಬರುವುದು ಮಂಡಿಯಲ್ಲಿ ತರಕಾರಿ ಕೊಳ್ಳುವ ಮರಾಠಿ. ಹದಿನೆಂಟು ವರ್ಷದಿಂದ ಈ ಊರಲ್ಲಿದ್ದೇನೆ, ಒಂದು ಮರಾಠಿ ಪುಸ್ತಕವನ್ನೂ ಪೂರ್ತಿ ಓದಿಲ್ಲ. ಅದನ್ನು ಅವಳು ಹೇಗೋ ಕಂಡುಹಿಡಿದಿದ್ದಾಳೆ. ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕೂರಿಸಿಕೊಂಡು ನಾಲ್ಕು ಪುಟ ಓದುತ್ತಾಳೆ, ತಿಳಿಯದ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾಳೆ. ಕೆಲವು ಪದಗಳಿಗೆ ಅವಳ ಹತ್ತಿರ ಕನ್ನಡ ಇರುವುದಿಲ್ಲ, ಆಗ ಅಜ್ಜನಿಗೆ ಫೋನು ಹೋಗುತ್ತದೆ. ನಿನ್ನೆ ಹಳ್ಳಿಯವರು ಸೇರಿ ತಾಲೀಮು ಮನೆ ಕಟ್ಟಲು ಹೊರಟ ಕಡೆಗೆ ಬಂದೆವು. ನನಗೆ ತೂಕಡಿಕೆ ಬಂತು. "ಅಮ್ಮಾ, ಕಾರಭಾರಿ ಏನಂದ, ಹೇಳು ನೋಡೂಣು" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ಪುಟ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಓದಿದಳು.